ಲಿನಕ್ಸ್ ಸರ್ವರ್‌ಗೆ ರಿಮೋಟ್ ಡೆಸ್ಕ್‌ಟಾಪ್ ಕೈಕೊಟ್ಟಾಗ: ಪದೇ ಪದೇ ಕೇಳುವ ಪ್ರಶ್ನೆಗಳು

"ಕನೆಕ್ಟ್ ಆಗ್ತಿಲ್ಲ, ಸ್ವಲ್ಪ ನೋಡ್ತೀರಾ?" ಸರ್ವರ್ ನೋಡಿಕೊಳ್ಳುವವರಿಗೆ ಇಂಥ ಮೆಸೇಜ್ ಹೊಸದೇನಲ್ಲ. ಆದರೆ ಇಷ್ಟರಿಂದ ಏನೂ ತಿಳಿಯುವುದಿಲ್ಲ. ಎಲ್ಲಿಯವರೆಗೆ ಹೋಗಿ ನಿಂತಿತು ಅಂತ ಹೇಳಿದರೆ ಅರ್ಧ ಉತ್ತರ ಅಲ್ಲೇ ಸಿಕ್ಕಂತೆ. ಕೆಳಗಿನ ಪ್ರಶ್ನೆಗಳನ್ನು ಹೆಚ್ಚುಕಡಿಮೆ ಅದೇ ಕ್ರಮದಲ್ಲಿ ಇಟ್ಟಿದ್ದೇನೆ: ಮೊದಲು ದಾರಿ, ಆಮೇಲೆ ಬಾಗಿಲು, ಆಮೇಲೆ ಪಾಸ್‌ವರ್ಡ್, ಕೊನೆಗೆ ಒಳಗಿನ ಡೆಸ್ಕ್‌ಟಾಪ್.

ಒಂದು ಸೂಚನೆ. ಕಮಾಂಡುಗಳನ್ನೂ ಫೈಲ್ ಹೆಸರುಗಳನ್ನೂ ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಹೊಡೆಯುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ. ದೊಡ್ಡಕ್ಷರ ಬರಬೇಕಾದ ಕಡೆ ಹೇಳಿದ್ದೇನೆ.

ಎಲ್ಲಕ್ಕಿಂತ ಮೊದಲು ಏನು ನೋಡಬೇಕು?

ಪರದೆಯ ಮೇಲೆ ಕೊನೆಗೆ ಕಂಡದ್ದು ಏನು ಅನ್ನುವುದನ್ನು. ಎಕ್ಸ್‌ಆರ್‌ಡಿಪಿಯ (ಲಿನಕ್ಸ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್ ಕೊಡುವ ಪ್ರೋಗ್ರಾಂ) ಲಾಗಿನ್ ಪೆಟ್ಟಿಗೆ ಕಂಡಿತೆ? ಹಾಗಾದರೆ ನೆಟ್‌ವರ್ಕ್, ಫೈರ್‌ವಾಲ್, ಪೋರ್ಟ್ ಮೂರೂ ಸರಿಯಿವೆ, ಅವುಗಳ ಕಡೆ ತಲೆ ಹಾಕಬೇಡಿ. ಪಾಸ್‌ವರ್ಡ್ ಒಪ್ಪಿಕೊಂಡು ಆಮೇಲೆ ಪರದೆ ಕಪ್ಪಾಯಿತೆ? ಹಾಗಾದರೆ ಪಾಸ್‌ವರ್ಡ್ ಬದಲಾಯಿಸಿ ಪ್ರಯೋಜನವಿಲ್ಲ, ಹೆಚ್ಚಾಗಿ ಡೆಸ್ಕ್‌ಟಾಪ್ ಎದ್ದಿಲ್ಲ ಅಷ್ಟೆ (ಒಂದು ಅಪವಾದವನ್ನು ಮುಂದೆ ಹೇಳುತ್ತೇನೆ). ಪೆಟ್ಟಿಗೆಯೇ ಕಾಣಲಿಲ್ಲವೆ? ಆಗ ಮಾತ್ರ ದಾರಿಯನ್ನು ಅನುಮಾನಿಸಿ.

ಇನ್ನೊಂದು ಮಾತು. ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಇನ್‌ಸ್ಟಾಲ್ ಮಾಡುವ ಚಾಳಿ ಬಿಡಿ. ಹೋಮ್ ಫೋಲ್ಡರಿನಲ್ಲಿ ಅಡಗಿರುವ ಕೆಟ್ಟ ಫೈಲ್ ಅದರಿಂದ ಹೋಗುವುದಿಲ್ಲ. ಸಮಸ್ಯೆ ಹಾಗೆಯೇ ಉಳಿಯುತ್ತದೆ, ಸುಳಿವು ಮಾತ್ರ ಅಳಿಸಿಹೋಗುತ್ತದೆ.

ನನ್ನ ಸರ್ವರ್‌ನಲ್ಲಿ ಇರುವುದು ಆರ್‌ಡಿಪಿಯೋ ವಿಎನ್‌ಸಿಯೋ ಗೊತ್ತಿಲ್ಲ. ಹೇಗೆ ತಿಳಿಯುವುದು?

ಎರಡೂ ದೂರದ ಡೆಸ್ಕ್‌ಟಾಪ್ ತೋರಿಸುವ ಬೇರೆ ಬೇರೆ ವಿಧಾನಗಳು. ಸರ್ವರ್‌ಗೆ ಎಸ್‌ಎಸ್‌ಎಚ್ (ದೂರದಿಂದ ತೆರೆಯುವ ಟರ್ಮಿನಲ್) ಮೂಲಕ ಹೋಗಿ, ಸುಡೊ (ಅಡ್ಮಿನ್ ಅಧಿಕಾರ) ಹಾಕಿ ಎಸ್‌ಎಸ್ ಅನ್ನುವ ಕಮಾಂಡ್ ಕೊಡಿ, ಜೊತೆಗೆ ಮೈನಸ್ ಟಿಎಲ್‌ಎನ್‌ಪಿ. ಯಾವ ಪೋರ್ಟಿನಲ್ಲಿ ಯಾವ ಪ್ರೋಗ್ರಾಂ ಕಿವಿಗೊಟ್ಟು ಕೂತಿದೆ ಅನ್ನುವ ಪಟ್ಟಿ ಬರುತ್ತದೆ. 3389 ಕಂಡರೆ ಆರ್‌ಡಿಪಿ. 5900 ಅಥವಾ 5901 ಕಂಡರೆ ವಿಎನ್‌ಸಿ. ವಿಎನ್‌ಸಿಯಲ್ಲಿ ಡಿಸ್‌ಪ್ಲೇ ಸಂಖ್ಯೆಯನ್ನು 5900ಕ್ಕೆ ಕೂಡಿಸಿದರೆ ಪೋರ್ಟ್ ಸಿಗುತ್ತದೆ: ಡಿಸ್‌ಪ್ಲೇ 1 ಆದರೆ 5901, ಡಿಸ್‌ಪ್ಲೇ 2 ಆದರೆ 5902.

3389ರಲ್ಲಿ ಇರುವುದು ಎಕ್ಸ್‌ಆರ್‌ಡಿಪಿಯೇ ಆಗಬೇಕೆಂದಿಲ್ಲ. ಗ್ನೋಮ್ ಅನ್ನುವುದು ಲಿನಕ್ಸ್‌ನ ಒಂದು ಡೆಸ್ಕ್‌ಟಾಪ್; 2022ರಲ್ಲಿ ಬಂದ ಗ್ನೋಮ್ 42ರಿಂದ ಈಚೆಗೆ ಗ್ನೋಮ್ ಕೂಡ ತನ್ನದೇ ಆರ್‌ಡಿಪಿ ಸರ್ವರ್ ಇಟ್ಟುಕೊಂಡಿದೆ. ಎರಡೂ ಒಟ್ಟಿಗೆ ಚಾಲೂ ಇದ್ದರೆ ಒಂದೇ ಕುರ್ಚಿಗೆ ಇಬ್ಬರ ಜಗಳ. ಮೊದಲು ಎದ್ದವರು 3389 ಹಿಡಿಯುತ್ತಾರೆ, ಇನ್ನೊಬ್ಬರು ಬೀಳುತ್ತಾರೆ ಅಥವಾ 3390ಕ್ಕೆ ಸರಿಯುತ್ತಾರೆ. ರೀಬೂಟ್ ಆದಾಗಲೆಲ್ಲ ಲಾಗಿನ್ ಪರದೆಯ ರೂಪವೇ ಬದಲಾಗುತ್ತಿದ್ದರೆ ಇದನ್ನೇ ಅನುಮಾನಿಸಿ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ನಿಲ್ಲಿಸಿ.

"ಕನೆಕ್ಷನ್ ಟೈಮ್ಡ್ ಔಟ್", "ಕನೆಕ್ಷನ್ ರೆಫ್ಯೂಸ್ಡ್". ಎರಡೂ ಒಂದೇ ಅಲ್ಲವೇ?

ಅಲ್ಲವೇ ಅಲ್ಲ. "ರೆಫ್ಯೂಸ್ಡ್" ಅಂದರೆ ನಿಮ್ಮ ಕರೆ ಆ ಮಷೀನಿನವರೆಗೆ ಹೋಗಿದೆ, ಅಲ್ಲಿಂದ "ಇಲ್ಲಿ ಯಾರೂ ಇಲ್ಲ" ಅಂತ ಉತ್ತರವೂ ಬಂದಿದೆ. ದಾರಿ ಸರಿಯಿದೆ, ಸರ್ವಿಸ್ ಎದ್ದಿಲ್ಲ. ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಎಕ್ಸ್‌ಆರ್‌ಡಿಪಿ ಅಂತ ಕೊಟ್ಟು ನೋಡಿ. "ಟೈಮ್ಡ್ ಔಟ್" ಅಂದರೆ ಉತ್ತರವೇ ಇಲ್ಲ: ಐಪಿ ತಪ್ಪಿರಬಹುದು, ಮಷೀನ್ ಆಫ್ ಆಗಿರಬಹುದು, ನಡುವಿನ ಫೈರ್‌ವಾಲ್ ಸದ್ದಿಲ್ಲದೆ ನುಂಗಿರಬಹುದು.

ಮೂರನೆಯದೂ ಒಂದಿದೆ, "ನೋ ರೂಟ್ ಟು ಹೋಸ್ಟ್". ಇದನ್ನು ಓದಿದ ಕೂಡಲೇ ಎಲ್ಲರೂ ರೂಟರ್ ಕಡೆ ಓಡುತ್ತಾರೆ. ಫೆಡೋರಾ, ರೆಡ್ ಹ್ಯಾಟ್ ಬಳಗದ ಮಷೀನುಗಳಲ್ಲಿ ಅದು ಬಹಳ ಸಲ ಫೈರ್‌ವಾಲ್‌ಡಿ ಕೊಡುವ ನಿರಾಕರಣೆ. ಪಿಂಗ್ ಹೋಗುತ್ತಿದೆ, ಎಸ್‌ಎಸ್‌ಎಚ್ ಕೂಡ ಆಗುತ್ತಿದೆ, 3389ಕ್ಕೆ ಮಾತ್ರ ಹೀಗೆ ಬರುತ್ತಿದೆ ಅಂದರೆ ರೂಟರನ್ನು ಅದರ ಪಾಡಿಗೆ ಬಿಡಿ.

ಪರೀಕ್ಷೆಗೆ ಆರ್‌ಡಿಪಿ ಕ್ಲೈಂಟ್ ಬೇಕಿಲ್ಲ. ಲಿನಕ್ಸ್, ಮ್ಯಾಕ್‌ನಲ್ಲಿ ಎನ್‌ಸಿ ಮೈನಸ್ ವಿಝಡ್, ಆಮೇಲೆ ಸರ್ವರ್ ವಿಳಾಸ, ಆಮೇಲೆ 3389. ವಿಂಡೋಸ್ ಪವರ್‌ಶೆಲ್‌ನಲ್ಲಿ ಟೆಸ್ಟ್-ನೆಟ್‌ಕನೆಕ್ಷನ್, ವಿಳಾಸ, ಮೈನಸ್ ಪೋರ್ಟ್ 3389. ಕೊನೆಯ ಸಾಲಿನಲ್ಲಿ "ಟ್ರೂ" ಬಂದರೆ ಬಾಗಿಲು ತೆರೆದಿದೆ.

ಸರ್ವರ್ ಒಳಗಿಂದ ನೋಡಿದರೆ ಪೋರ್ಟ್ ತೆರೆದಿದೆ, ಹೊರಗಿಂದ ಮುಚ್ಚಿದೆ. ಯಾಕೆ?

ಎಸ್‌ಎಸ್ ಕೊಟ್ಟ ಪಟ್ಟಿಯಲ್ಲಿ ಪೋರ್ಟ್ ಸಂಖ್ಯೆಯ ಎಡಗಡೆ ಏನಿದೆ ನೋಡಿ. 127.0.0.1 ಅಂತ ಇದ್ದರೆ ಆ ಸರ್ವಿಸ್ ತನ್ನ ಮನೆಯವರ ಜೊತೆ ಮಾತ್ರ ಮಾತಾಡುತ್ತದೆ. ವಿಎನ್‌ಸಿಯಲ್ಲಿ "ಲೋಕಲ್‌ಹೋಸ್ಟ್" ಆಯ್ಕೆ ಹಾಕಿದ್ದರೆ ಹೀಗಾಗುತ್ತದೆ. ಅದು ದೋಷವಲ್ಲ, ಸುರಕ್ಷತೆಗಾಗಿ ಬೇಕೆಂದೇ ಮಾಡಿರುವುದು. ಅದನ್ನು ತೆಗೆಯುವ ಬದಲು ಸುರಂಗ ಹಾಕಿಕೊಳ್ಳಿ, ಮುಂದಿನ ಉತ್ತರದಲ್ಲಿ ಹೇಳುತ್ತೇನೆ.

0.0.0.0 ಅಥವಾ ನಕ್ಷತ್ರ ಚಿಹ್ನೆ ಇದ್ದರೂ ಹೊರಗಿಂದ ಆಗದಿದ್ದರೆ ಫೈರ್‌ವಾಲ್. ಉಬುಂಟುವಿನಲ್ಲಿ ಯುಎಫ್‌ಡಬ್ಲ್ಯು ಸ್ಟೇಟಸ್, ರೆಡ್ ಹ್ಯಾಟ್ ಕಡೆ ಫೈರ್‌ವಾಲ್-ಸಿಎಂಡಿ ಮೈನಸ್ ಮೈನಸ್ ಲಿಸ್ಟ್-ಆಲ್. ಎರಡನೆಯದರಲ್ಲಿ ಪರ್ಮನೆಂಟ್ ಅಂತ ಸೇರಿಸಿ ನಿಯಮ ಹಾಕಿದ ಮೇಲೆ ರೀಲೋಡ್ ಮಾಡದಿದ್ದರೆ ಅದು ಜಾರಿಗೆ ಬರುವುದಿಲ್ಲ. ಇದನ್ನು ಮರೆತು ಗಂಟೆಗಟ್ಟಲೆ ಕೂತವರಲ್ಲಿ ನಾನೂ ಒಬ್ಬ.

ಕ್ಲೌಡ್‌ನಲ್ಲಿರುವ ಸರ್ವರ್‌ಗೆ ಎರಡು ಬಾಗಿಲು: ಒಂದು ಮಷೀನಿನದು, ಇನ್ನೊಂದು ಕ್ಲೌಡ್ ಕಂಪನಿಯ ಕನ್ಸೋಲ್‌ನಲ್ಲಿರುವ ಫೈರ್‌ವಾಲ್ ಅಥವಾ ಸೆಕ್ಯೂರಿಟಿ ಗ್ರೂಪ್. ಎರಡೂ ತೆರೆದಿರಬೇಕು. ಇನ್ನು ಸರ್ವರ್‌ನ ಐಪಿ 192.168 ಅಥವಾ 10ರಿಂದ ಶುರುವಾಗುತ್ತಿದ್ದರೆ ಅದು ಖಾಸಗಿ ವಿಳಾಸ. ಹೊರಗಿನ ಇಂಟರ್‌ನೆಟ್‌ನಿಂದ ಅದಕ್ಕೆ ನೇರ ದಾರಿಯಿಲ್ಲ. ವಿಪಿಎನ್ (ಆ ನೆಟ್‌ವರ್ಕಿನ ಒಳಗೆ ಸೇರಿಸುವ ಖಾಸಗಿ ಕೊಂಡಿ) ಹಾಕಿಯೋ, ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿಯೋ ಹೋಗಬೇಕು.

3389 ಅನ್ನು ಇಡೀ ಇಂಟರ್‌ನೆಟ್‌ಗೆ ತೆರೆದಿಟ್ಟರೆ ಏನಾಗುತ್ತದೆ?

ಪಾಸ್‌ವರ್ಡ್ ಊಹಿಸುವ ಬಾಟುಗಳು ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲು ಬಡಿಯುತ್ತವೆ. ಲಾಗ್ ಫೈಲ್ ತೆರೆದರೆ ರೂಟ್, ಅಡ್ಮಿನ್, ಟೆಸ್ಟ್ ಹೆಸರುಗಳ ಸಾಲು ಸಾಲು ವಿಫಲ ಪ್ರಯತ್ನ ಕಾಣುತ್ತದೆ. ಪೋರ್ಟ್ ಸಂಖ್ಯೆ ಬದಲಾಯಿಸಿದರೆ ಗದ್ದಲ ಕಡಿಮೆಯಾಗುತ್ತದೆ, ಅಪಾಯ ಹೋಗುವುದಿಲ್ಲ.

ನನ್ನ ಪಾಲಿಗೆ ಇದಕ್ಕೆ ಒಂದೇ ಉತ್ತರ: 3389 ಮುಚ್ಚಿಬಿಡಿ, ಎಸ್‌ಎಸ್‌ಎಚ್ ಸುರಂಗದಲ್ಲಿ ಹೋಗಿ. ನಿಮ್ಮ ಕಂಪ್ಯೂಟರಿನಲ್ಲಿ ಎಸ್‌ಎಸ್‌ಎಚ್ ಮೈನಸ್ ದೊಡ್ಡ ಎಲ್ ಅಂತ ಹೊಡೆದು, ಆಮೇಲೆ 13389, ಕೋಲನ್, ಲೋಕಲ್‌ಹೋಸ್ಟ್, ಕೋಲನ್, 3389, ಒಂದು ಜಾಗ ಬಿಟ್ಟು ಬಳಕೆದಾರ ಹೆಸರು, ಅಟ್ ಚಿಹ್ನೆ, ಸರ್ವರ್ ವಿಳಾಸ. ಆ ಕಿಟಕಿಯನ್ನು ಹಾಗೇ ಬಿಟ್ಟು, ಆರ್‌ಡಿಪಿ ಕ್ಲೈಂಟಿನಲ್ಲಿ ಲೋಕಲ್‌ಹೋಸ್ಟ್ ಕೋಲನ್ 13389 ಕೊಡಿ. ನಿಮ್ಮ ಕಡೆಯೂ 3389ನ್ನೇ ಯಾಕೆ ಬಳಸಬಾರದು ಅಂದರೆ, ವಿಂಡೋಸ್ ಮಷೀನಿನಲ್ಲಿ ಅದರದೇ ರಿಮೋಟ್ ಡೆಸ್ಕ್‌ಟಾಪ್ ಆ ಪೋರ್ಟನ್ನು ಹಿಡಿದುಕೊಂಡಿರಬಹುದು. ಆಗ ಕ್ಲೈಂಟ್ "ನಿಮ್ಮ ಕಂಪ್ಯೂಟರಿಗೆ ನೀವೇ ಕನೆಕ್ಟ್ ಆಗಲು ಹೊರಟಿದ್ದೀರಿ" ಅಂತ ತಕರಾರು ತೆಗೆಯುತ್ತದೆ.

ಪಾಸ್‌ವರ್ಡ್ ಸರಿಯಾಗಿಯೇ ಹಾಕಿದ್ದೇನೆ, ಆದರೂ "ಲಾಗಿನ್ ಫೇಲ್ಡ್".

ಕ್ಲೌಡ್ ಸರ್ವರ್ ಆಗಿದ್ದರೆ ಮೊದಲ ಅನುಮಾನ: ಆ ಬಳಕೆದಾರನಿಗೆ ಪಾಸ್‌ವರ್ಡೇ ಇಲ್ಲ. ಅಲ್ಲಿನ ಸಿದ್ಧ ಇಮೇಜುಗಳಲ್ಲಿ "ಉಬುಂಟು" ತರಹದ ಖಾತೆಗೆ ಎಸ್‌ಎಸ್‌ಎಚ್ ಕೀ ಮಾತ್ರ ಇರುತ್ತದೆ. ಎಸ್‌ಎಸ್‌ಎಚ್‌ನಲ್ಲಿ ಸಲೀಸಾಗಿ ಒಳಗೆ ಹೋಗುತ್ತೀರಿ, ಆರ್‌ಡಿಪಿಯಲ್ಲಿ ಏನು ಹಾಕಿದರೂ ತಪ್ಪು ಅನ್ನುತ್ತದೆ. ಪಾಸ್‌ಡಬ್ಲ್ಯುಡಿ ಮೈನಸ್ ದೊಡ್ಡ ಎಸ್ ಕೊಟ್ಟು ಖಾತೆಯ ಹೆಸರು ಹಾಕಿ ನೋಡಿ. ಎರಡನೆಯ ಅಂಕಣದಲ್ಲಿ ಎಲ್ ಇದ್ದರೆ ಪಾಸ್‌ವರ್ಡ್ ಲಾಕ್ ಆಗಿದೆ, ಪಿ ಇದ್ದರೆ ಪಾಸ್‌ವರ್ಡ್ ಇದೆ. ಎಲ್ ಬಂದರೆ ಸುಡೊ ಪಾಸ್‌ಡಬ್ಲ್ಯುಡಿ ಕೊಟ್ಟು ಗಟ್ಟಿಯಾದ ಪಾಸ್‌ವರ್ಡ್ ಹಾಕಿ.

ಎರಡನೆಯದು ಕೀಬೋರ್ಡ್. ಕ್ಲೈಂಟ್ ಒಂದು ಲೇಔಟ್ ಅಂದುಕೊಂಡಿರುತ್ತದೆ, ಸರ್ವರ್ ಇನ್ನೊಂದು. ಅಮೆರಿಕನ್ ಲೇಔಟ್‌ನಲ್ಲಿ ಶಿಫ್ಟ್ ಮತ್ತು 2 ಒತ್ತಿದರೆ ಇಮೇಲಿನ ಅಟ್ ಚಿಹ್ನೆ ಬರುತ್ತದೆ, ಬ್ರಿಟಿಷ್ ಲೇಔಟ್‌ನಲ್ಲಿ ಉದ್ಧರಣ ಚಿಹ್ನೆ ಬರುತ್ತದೆ. ಪಾಸ್‌ವರ್ಡ್ ಜಾಗದಲ್ಲಿ ಬರೀ ಚುಕ್ಕೆ ಕಾಣುವುದರಿಂದ ಗೊತ್ತೇ ಆಗುವುದಿಲ್ಲ. ಪಕ್ಕದಲ್ಲಿ ಯಾರೂ ಇಲ್ಲದಾಗ ಪಾಸ್‌ವರ್ಡನ್ನು ಯೂಸರ್‌ನೇಮ್ ಜಾಗದಲ್ಲಿ ಟೈಪ್ ಮಾಡಿ ನೋಡಿ, ಒಂದೇ ಏಟಿಗೆ ತಿಳಿಯುತ್ತದೆ. ನೋಡಿಯಾದ ಮೇಲೆ ಅಳಿಸಿ. ಎಂಟರ್ ಮಾತ್ರ ಒತ್ತಬೇಡಿ, ಒತ್ತಿದರೆ ಅದು ಲಾಗ್‌ನಲ್ಲಿ ಬಳಕೆದಾರನ ಹೆಸರಾಗಿ ದಾಖಲಾಗಬಹುದು.

ವಿಂಡೋಸ್ ಕ್ಲೈಂಟ್ ತಾನಾಗಿಯೇ ಉಳಿಸಿಟ್ಟ ವಿಂಡೋಸ್ ಖಾತೆಯ ಹೆಸರನ್ನು ಕಳಿಸುವುದೂ ಉಂಟು. ಸರ್ವರ್‌ಗೆ ಬೇಕಾಗಿರುವುದು ಲಿನಕ್ಸ್ ಖಾತೆಯ ಹೆಸರು.

ಲಾಗಿನ್ ಆದ ತಕ್ಷಣ ಕಿಟಕಿ ಮುಚ್ಚಿಹೋಗುತ್ತದೆ.

ಸರ್ವರ್ ಆವೃತ್ತಿಯ ಲಿನಕ್ಸ್‌ನಲ್ಲಿ ಎಷ್ಟೋ ಸಲ ಡೆಸ್ಕ್‌ಟಾಪ್ ಇರುವುದೇ ಇಲ್ಲ. ಎಕ್ಸ್‌ಆರ್‌ಡಿಪಿ ಬರೀ ಬಾಗಿಲು. ಅದನ್ನು ಮಾತ್ರ ಇನ್‌ಸ್ಟಾಲ್ ಮಾಡಿದರೆ ತೋರಿಸಲು ಒಳಗೆ ಏನೂ ಇಲ್ಲದೆ ಸೆಷನ್ ಶುರುವಾದ ಕ್ಷಣವೇ ಮುಗಿಯುತ್ತದೆ. ಎಕ್ಸ್‌ಎಫ್‌ಸಿಇ ಅನ್ನುವ ಹಗುರ ಡೆಸ್ಕ್‌ಟಾಪ್ ಹಾಕಿ. ಹೋಮ್‌ನಲ್ಲಿ ಡಾಟ್ ಎಕ್ಸ್‌ಸೆಷನ್ ಅನ್ನುವ ಫೈಲ್ ಮಾಡಿ, ಅದರಲ್ಲಿ ಎಕ್ಸ್‌ಎಫ್‌ಸಿಇ4-ಸೆಷನ್ ಅಂತ ಒಂದೇ ಸಾಲು ಬರೆಯಿರಿ. ಡೆಬಿಯನ್, ಉಬುಂಟುವಿನಲ್ಲಿ ಇಷ್ಟು ಸಾಕು. ಗ್ನೋಮ್ ನೋಡಲು ಚೆನ್ನ, ಆದರೆ ಎಕ್ಸ್‌ಆರ್‌ಡಿಪಿ ಜೊತೆ ಅದರ ಸಂಸಾರ ಅಷ್ಟಕ್ಕಷ್ಟೆ.

ಡೆಸ್ಕ್‌ಟಾಪ್ ಇದ್ದೂ ಹೀಗಾದರೆ ಡಾಟ್ ಪ್ರೊಫೈಲ್ ನೋಡಿ. ಯಾರೋ ಯಾವಾಗಲೋ ಅದರಲ್ಲಿ "ಎಕ್ಸಿಟ್" ಅಂತ ಒಂದು ಸಾಲು ಹಾಕಿದ್ದರೆ ಡೆಸ್ಕ್‌ಟಾಪ್ ಏಳುವ ಮೊದಲೇ ಶೆಲ್ ಹೊರಟುಹೋಗುತ್ತದೆ.

ಲಾಗಿನ್ ಆಯಿತು, ಆದರೆ ಬರೀ ಕಪ್ಪು ಪರದೆ.

ಇದು ಈ ಕ್ಷೇತ್ರದ ರಾಜರೋಗ. ಕಾರಣ ಒಂದೇ ಅಲ್ಲ, ಹಾಗಾಗಿ ನಿಧಾನವಾಗಿ ನೋಡೋಣ.

ಮೌಸ್ ಅಲ್ಲಾಡಿಸಿ, ಅರ್ಧ ನಿಮಿಷ ಕಾಯಿರಿ. ನಗಬೇಡಿ. ಮೊದಲ ಲಾಗಿನ್ ನಿಧಾನವಾಗಿರುತ್ತದೆ, ಹಳೆಯ ಸೆಷನ್ ಆಗಿದ್ದರೆ ಸ್ಕ್ರೀನ್‌ಸೇವರ್ ಅಥವಾ ಲೈಟ್-ಲಾಕರ್ ಪರದೆಯನ್ನು ಮುಚ್ಚಿರಬಹುದು. ರಿಮೋಟ್ ಸೆಷನ್‌ನಲ್ಲಿ ಲೈಟ್-ಲಾಕರ್‌ಗೆ ಕೆಲಸವಿಲ್ಲ, ತೆಗೆದುಹಾಕಿ.

ಆಮೇಲೆ ಕೇಳಿಕೊಳ್ಳಬೇಕಾದ್ದು: ಇದೇ ಖಾತೆಯಲ್ಲಿ ಸರ್ವರ್‌ನ ಮುಂದೆ ಕೂತು ಯಾರಾದರೂ ಲಾಗಿನ್ ಆಗಿದ್ದಾರೆಯೆ? ಗ್ನೋಮ್‌ನಂಥ ಡೆಸ್ಕ್‌ಟಾಪ್‌ಗಳು ಒಬ್ಬ ಬಳಕೆದಾರನಿಗೆ ಒಂದೇ ಚಿತ್ರಾತ್ಮಕ ಸೆಷನ್ ಅಂತ ಲೆಕ್ಕ ಹಾಕಿಕೊಂಡಿರುತ್ತವೆ. ಎರಡನೆಯದು ಮೊದಲನೆಯದರ ಡಿ-ಬಸ್ (ಪ್ರೋಗ್ರಾಂಗಳು ಪರಸ್ಪರ ಮಾತಾಡುವ ಕೊಂಡಿ) ಹಿಡಿಯಲು ಹೋಗಿ ಸಿಕ್ಕಿಹಾಕಿಕೊಳ್ಳುತ್ತದೆ. ಲಾಗಿನ್‌ಸಿಟಿಎಲ್ ಲಿಸ್ಟ್-ಸೆಷನ್ಸ್ ಕೊಟ್ಟರೆ ಯಾರು ಯಾರು ಒಳಗಿದ್ದಾರೆ ಕಾಣುತ್ತದೆ. ಅಲ್ಲಿ ಲಾಗೌಟ್ ಮಾಡಿಸಿ, ಇಲ್ಲವೇ ರಿಮೋಟ್‌ಗೆಂದೇ ಬೇರೆ ಖಾತೆ ಇಟ್ಟುಕೊಳ್ಳಿ. ಎರಡನೆಯದೇ ನೆಮ್ಮದಿ. ಎಕ್ಸ್‌ಆರ್‌ಡಿಪಿ ಫೋಲ್ಡರಿನ ಸ್ಟಾರ್ಟ್‌ಡಬ್ಲ್ಯುಎಂ ಡಾಟ್ ಎಸ್‌ಎಚ್ ಫೈಲಿನ ಆರಂಭದಲ್ಲಿ ಡಿಬಸ್ ಸೆಷನ್ ಬಸ್ ಅಡ್ರೆಸ್ ಮತ್ತು ಎಕ್ಸ್‌ಡಿಜಿ ರನ್‌ಟೈಮ್ ಡಿರ್ ಎಂಬ ಎರಡು ವೇರಿಯಬಲ್‌ಗಳನ್ನು ಅನ್‌ಸೆಟ್ ಮಾಡುವ ಉಪಾಯ ಎಲ್ಲೆಡೆ ಚಾಲ್ತಿಯಲ್ಲಿದೆ (ಎರಡೂ ದೊಡ್ಡಕ್ಷರ, ಪದಗಳ ನಡುವೆ ಅಂಡರ್‌ಸ್ಕೋರ್). ಬಹಳ ಸಲ ಕೆಲಸ ಮಾಡುತ್ತದೆ. ಆದರೆ ಅದು ತೇಪೆ, ಹೊಲಿಗೆಯಲ್ಲ.

ಅನಕೊಂಡ (ಪೈಥಾನ್ ಸಲಕರಣೆಗಳ ಕಟ್ಟು) ಹಾಕಿಕೊಂಡವರಿಗೆ ಒಂದು ವಿಶೇಷ ಕಾಟ. ಅದರ ಜೊತೆಗೆ ಬರುವ ಡಿ-ಬಸ್ ಪ್ರೋಗ್ರಾಂ ಪಾತ್‌ನಲ್ಲಿ (ಪ್ರೋಗ್ರಾಂ ಹುಡುಕುವ ಫೋಲ್ಡರುಗಳ ಸಾಲು) ವ್ಯವಸ್ಥೆಯದಕ್ಕಿಂತ ಮುಂದೆ ನಿಂತರೆ ಡೆಸ್ಕ್‌ಟಾಪ್ ತಪ್ಪು ಆಳನ್ನು ಕೂಗುತ್ತದೆ. ಡಾಟ್ ಬ್ಯಾಶ್‌ಆರ್‌ಸಿ ಮತ್ತು ಡಾಟ್ ಪ್ರೊಫೈಲ್‌ನಲ್ಲಿ ಅನಕೊಂಡದ ಸಾಲುಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಿ ನೋಡಿ.

ಇನ್ನು ಡಿಸ್ಕ್. ಒಂದು ರಾತ್ರಿ ನಾನು ಹೀಗೇ ಕಪ್ಪು ಪರದೆಯ ಮುಂದೆ ಕೂತಿದ್ದೆ. ಎಕ್ಸ್‌ಆರ್‌ಡಿಪಿಯನ್ನು ಎರಡು ಸಲ ಕಿತ್ತು ಹಾಕಿದೆ, ಡೆಸ್ಕ್‌ಟಾಪ್ ಬದಲಾಯಿಸಿದೆ, ಸ್ಟಾರ್ಟ್‌ಡಬ್ಲ್ಯುಎಂ ಫೈಲನ್ನು ಗುರುತು ಸಿಗದ ಹಾಗೆ ತಿದ್ದಿದೆ. ಮೇಲೆ ಮಾಡಿದ ಉಪದೇಶ ಆ ರಾತ್ರಿಯ ಗಳಿಕೆ. ಕೊನೆಗೆ ಬೇಸತ್ತು ಡಿಎಫ್ ಮೈನಸ್ ಎಚ್ ಹೊಡೆದರೆ ಬಳಕೆ 100 ಶೇಕಡ. ಲಾಗ್‌ಗಳು ಡಿಸ್ಕನ್ನು ತಿಂದುಹಾಕಿದ್ದವು. ಎಕ್ಸ್ (ಪರದೆಯ ಮೇಲೆ ಚಿತ್ರ ಮೂಡಿಸುವ ವ್ಯವಸ್ಥೆ) ಸೆಷನ್ ಶುರುವಾಗುವಾಗ ಹೋಮ್‌ನಲ್ಲಿ ಡಾಟ್ ಎಕ್ಸ್‌ಅಥಾರಿಟಿ ಅನ್ನುವ ಪುಟ್ಟ ಫೈಲನ್ನು ಬರೆಯಲೇಬೇಕು (ಮೊದಲ ಎಕ್ಸ್ ದೊಡ್ಡಕ್ಷರ). ಬರೆಯಲು ಜಾಗವಿಲ್ಲದಿದ್ದರೆ ಮುಂದಿನದೆಲ್ಲ ನಿಂತಲ್ಲೇ ನಿಲ್ಲುತ್ತದೆ. ಜರ್ನಲ್‌ಸಿಟಿಎಲ್ ಮೈನಸ್ ಮೈನಸ್ ವ್ಯಾಕ್ಯೂಮ್-ಸೈಜ್ ಈಕ್ವಲ್ 500 ದೊಡ್ಡ ಎಂ ಅಂತ ಕೊಟ್ಟೆ, ಜಾಗ ಬಿಡುಗಡೆಯಾಯಿತು, ಡೆಸ್ಕ್‌ಟಾಪ್ ಬಂತು. ಅಂದಿನಿಂದ ಬೇರೇನು ಮಾಡುವ ಮೊದಲೂ ಡಿಎಫ್. ಅದರಲ್ಲಿ ಜಾಗ ಇದೆ ಅಂತ ಬಂದರೂ ಡಿಎಫ್ ಮೈನಸ್ ಐ ಒಮ್ಮೆ ನೋಡಿ, ಐನೋಡ್ (ಪ್ರತಿ ಫೈಲಿಗೂ ಬೇಕಾದ ದಾಖಲೆ ಚೀಟಿ) ಮುಗಿದಿದ್ದರೂ ಇದೇ ಲಕ್ಷಣ.

ಆ ಡಾಟ್ ಎಕ್ಸ್‌ಅಥಾರಿಟಿ ಫೈಲಿನ ಒಡೆತನವನ್ನೂ ಗಮನಿಸಿ. ಎಂದಾದರೂ ಸುಡೊ ಹಾಕಿ ಚಿತ್ರಾತ್ಮಕ ಪ್ರೋಗ್ರಾಂ ಓಡಿಸಿದ್ದರೆ ಅದು ರೂಟ್ ಹೆಸರಿಗೆ ಹೋಗಿರಬಹುದು. ಎಲ್‌ಎಸ್ ಮೈನಸ್ ಎಲ್ ಕೊಟ್ಟಾಗ ನಿಮ್ಮ ಹೆಸರಿನ ಬದಲು ರೂಟ್ ಕಂಡರೆ ಅಳಿಸಿಬಿಡಿ. ಮುಂದಿನ ಲಾಗಿನ್‌ನಲ್ಲಿ ಹೊಸದು ಹುಟ್ಟುತ್ತದೆ.

ವಿಪಿಎನ್ ಮೂಲಕ ಹೋದಾಗ ಮಾತ್ರ ಕಪ್ಪು, ಕಚೇರಿಯ ಒಳಗಿನಿಂದ ಸರಿ ಅಂದರೆ ಡೆಸ್ಕ್‌ಟಾಪ್ ನಿರಪರಾಧಿ. ಎಂಟಿಯು, ಅಂದರೆ ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಅನ್ನುವ ಮಿತಿ ನೋಡಿ. ಸಾಮಾನ್ಯ ಈಥರ್‌ನೆಟ್‌ನಲ್ಲಿ ಒಂದು ಪ್ಯಾಕೆಟ್ ಹೆಚ್ಚೆಂದರೆ 1500 ಬೈಟ್. ವಿಪಿಎನ್ ತನ್ನ ಹೊದಿಕೆ ಸುತ್ತಿದಾಗ ಒಳಗಿನ ಜಾಗ ಕಡಿಮೆಯಾಗುತ್ತದೆ. ಲಾಗಿನ್ ಪೆಟ್ಟಿಗೆಯ ಸಣ್ಣ ಪ್ಯಾಕೆಟ್‌ಗಳು ದಾಟುತ್ತವೆ, ಡೆಸ್ಕ್‌ಟಾಪ್ ಚಿತ್ರದ ದೊಡ್ಡವು ದಾರಿಯಲ್ಲೇ ಬೀಳುತ್ತವೆ. ಲಿನಕ್ಸ್‌ನಲ್ಲಿ ಪಿಂಗ್ ಮೈನಸ್ ದೊಡ್ಡ ಎಂ ಡು, ಮೈನಸ್ ಎಸ್ 1472, ಆಮೇಲೆ ವಿಳಾಸ ಕೊಡಿ. 1472ಕ್ಕೆ 28 ಬೈಟ್ ಹೆಡರ್ ಸೇರಿದರೆ 1500. ಅದು ಹೋಗದೆ 1400ರ ಆಸುಪಾಸಿನದು ಹೋದರೆ ವಿಪಿಎನ್ ಇಂಟರ್‌ಫೇಸಿನ ಎಂಟಿಯು ಇಳಿಸಬೇಕು.

"ಲಾಗಿನ್ ಸಕ್ಸೆಸ್‌ಫುಲ್ ಫಾರ್ ಡಿಸ್‌ಪ್ಲೇ 10" ಅಂತ ಬಂದು, ಆಮೇಲೆ "ಸಮ್ ಪ್ರಾಬ್ಲಮ್" ಅನ್ನುತ್ತದೆ.

"ಏನೋ ಸಮಸ್ಯೆ" ಅಂತ ಹೇಳುವ ಎರರ್ ಮೆಸೇಜ್ ಬರೆದವರಿಗೆ ಒಂದು ನಮಸ್ಕಾರ. ಇದರರ್ಥ, ಪಾಸ್‌ವರ್ಡ್ ಸರಿ, ಆದರೆ ನಿಮ್ಮ ಹೆಸರಲ್ಲಿ ಎಕ್ಸ್ ಸರ್ವರ್ ಎದ್ದಿಲ್ಲ. ಡೆಬಿಯನ್ ಬಳಗದಲ್ಲಿ ಎಕ್ಸ್11 ಫೋಲ್ಡರಿನ ಎಕ್ಸ್‌ರ‍್ಯಾಪರ್ ಡಾಟ್ ಕಾನ್ಫಿಗ್ ತೆರೆದು ನೋಡಿ (ಎರಡರಲ್ಲೂ ಮೊದಲ ಎಕ್ಸ್ ದೊಡ್ಡಕ್ಷರ). ಅಲೌಡ್ ಯೂಸರ್ಸ್ ಅನ್ನುವ ಸಾಲಿನಲ್ಲಿ "ಕನ್ಸೋಲ್" ಇದ್ದರೆ ಮಷೀನಿನ ಮುಂದೆ ಕೂತವರಿಗೆ ಮಾತ್ರ ಎಕ್ಸ್ ಏಳಿಸಲು ಅಪ್ಪಣೆ. "ಎನಿಬಡಿ" ಅಂತ ಮಾಡಿದರೆ ಎಷ್ಟೋ ಸಲ ಅಲ್ಲಿಗೆ ಮುಗಿಯುತ್ತದೆ. ಎಕ್ಸ್‌ಆರ್ಗ್‌ಎಕ್ಸ್‌ಆರ್‌ಡಿಪಿ ಪ್ಯಾಕೇಜ್ ಇನ್‌ಸ್ಟಾಲ್ ಆಗಿದೆಯೆ ಅನ್ನುವುದನ್ನೂ ಖಾತ್ರಿ ಮಾಡಿಕೊಳ್ಳಿ.

ಯಾವ ಲಾಗ್ ಓದಬೇಕು?

ವಾರ್ ಲಾಗ್ ಫೋಲ್ಡರಿನಲ್ಲಿ ಎಕ್ಸ್‌ಆರ್‌ಡಿಪಿ ಡಾಟ್ ಲಾಗ್: ನೆಟ್‌ವರ್ಕ್ ಮತ್ತು ಕ್ಲೈಂಟ್ ಜೊತೆಗಿನ ಮಾತುಕತೆ. ಪಕ್ಕದ ಎಕ್ಸ್‌ಆರ್‌ಡಿಪಿ-ಸೆಸ್‌ಮ್ಯಾನ್ ಡಾಟ್ ಲಾಗ್: ಪಾಸ್‌ವರ್ಡ್ ಮತ್ತು ಸೆಷನ್. ಹೋಮ್‌ನಲ್ಲಿ ಡಾಟ್ ಎಕ್ಸ್‌ಸೆಷನ್-ಎರರ್ಸ್: ಡೆಸ್ಕ್‌ಟಾಪ್ ಏಳುವಾಗಿನ ಗೋಳು. ಒಂದು ಎಸ್‌ಎಸ್‌ಎಚ್ ಕಿಟಕಿಯಲ್ಲಿ ಟೇಲ್ ಮೈನಸ್ ಎಫ್ ಓಡಿಸಿ, ಇನ್ನೊಂದು ಕಡೆ ಕನೆಕ್ಟ್ ಆಗಲು ನೋಡಿ. ಹರಿದು ಬರುವ ಸಾಲುಗಳಲ್ಲಿ ಕೊನೆಯದನ್ನಲ್ಲ, ಮೊದಲ ಎರರ್ ಅನ್ನು ಹಿಡಿಯಿರಿ. ಉಳಿದವು ಅದರ ಮಕ್ಕಳು ಮರಿ.

ಉದಾಹರಣೆಗೆ ಡೆಬಿಯನ್, ಉಬುಂಟುವಿನಲ್ಲಿ ಕೀ ಡಾಟ್ ಪೆಮ್ ಫೈಲ್ ಓದಲಾಗಲಿಲ್ಲ, "ಪರ್ಮಿಷನ್ ಡಿನೈಡ್" ಅನ್ನುವ ಸಾಲು ಕಾಣುತ್ತದೆ. ಎಕ್ಸ್‌ಆರ್‌ಡಿಪಿ ಖಾತೆಗೆ ಟಿಎಲ್‌ಎಸ್‌ನ ಗುಟ್ಟಿನ ಕೀ ಓದುವ ಹಕ್ಕಿಲ್ಲ ಅಂತ ಅರ್ಥ. ಆ ಖಾತೆಯನ್ನು ಎಸ್‌ಎಸ್‌ಎಲ್-ಸರ್ಟ್ ಗುಂಪಿಗೆ ಸೇರಿಸಿ ಸರ್ವಿಸ್ ರೀಸ್ಟಾರ್ಟ್ ಮಾಡಿದರೆ ಆಯಿತು. ಕೀ ಫೈಲನ್ನು ಎಲ್ಲರೂ ಓದುವ ಹಾಗೆ ಮಾಡಿ ಕೈತೊಳೆದುಕೊಳ್ಳಬೇಡಿ.

ಲಾಗಿನ್ ಆದಾಗಲೆಲ್ಲ "ಕಲರ್ ಮ್ಯಾನೇಜ್ಡ್ ಡಿವೈಸ್" ಅಂತ ಪಾಸ್‌ವರ್ಡ್ ಕೇಳುತ್ತದೆ.

ಪರದೆಯ ಬಣ್ಣ ಹೊಂದಿಸುವ ಕಲರ್‌ಡಿ ಅನ್ನುವ ಸೇವೆ ಪೋಲ್‌ಕಿಟ್ (ಯಾರಿಗೆ ಏನು ಮಾಡಲು ಬಿಡಬೇಕು ಅಂತ ತೀರ್ಮಾನಿಸುವ ಸೇವೆ) ಹತ್ತಿರ ಅಪ್ಪಣೆ ಕೇಳುತ್ತಿದೆ. ರಿಮೋಟ್ ಬಳಕೆದಾರ ಮಷೀನಿನ ಮುಂದೆ ಇಲ್ಲವಾದ್ದರಿಂದ ಪೋಲ್‌ಕಿಟ್‌ಗೆ ಅನುಮಾನ. ಕ್ಯಾನ್ಸಲ್ ಒತ್ತಿದರೂ ನಷ್ಟವಿಲ್ಲ. ಕಿರಿಕಿರಿ ಬೇಡವೆಂದರೆ ಪೋಲ್‌ಕಿಟ್‌ನ ರೂಲ್ಸ್ ಫೋಲ್ಡರಿನಲ್ಲಿ ಕಲರ್‌ಡಿಗೆ ಅಪ್ಪಣೆ ಕೊಡುವ ನಿಯಮ ಬರೆಯಬಹುದು. ಹಳೆಯ ಲೇಖನಗಳಲ್ಲಿ ಸಿಗುವ ಪಿಕೆಎಲ್‌ಎ ಫೈಲ್ ಹೊಸ ಪೋಲ್‌ಕಿಟ್‌ನಲ್ಲಿ ನಡೆಯದೇ ಇರಬಹುದು, ಈಗ ನಿಯಮಗಳನ್ನು ಜಾವಾಸ್ಕ್ರಿಪ್ಟ್‌ನಲ್ಲಿ ಬರೆಯಬೇಕು.

ನಿನ್ನೆ ತೆರೆದಿಟ್ಟ ಕಿಟಕಿಗಳೆಲ್ಲ ಮಾಯ. ಹೊಸ ಡೆಸ್ಕ್‌ಟಾಪ್ ಬಂದಿದೆ.

ಸರ್ವರ್ ರೀಬೂಟ್ ಆಗಿಲ್ಲ ಅಂತ ಅಪ್‌ಟೈಮ್ ಕೊಟ್ಟು ಖಾತ್ರಿ ಮಾಡಿಕೊಂಡ ಮೇಲೆ ಇದನ್ನು ನೋಡಿ. ಎಕ್ಸ್‌ಆರ್‌ಡಿಪಿ ಹಳೆಯ ಸೆಷನ್ನನ್ನು ಗುರುತು ಹಿಡಿಯುವುದು ಬಳಕೆದಾರನ ಹೆಸರಿನಿಂದ ಮಾತ್ರವಲ್ಲ, ಬಣ್ಣದ ಆಳದಿಂದಲೂ. ನಿನ್ನೆ 32 ಬಿಟ್‌ನಲ್ಲಿ ಬಂದು ಇವತ್ತು ಇನ್ನೊಂದು ಲ್ಯಾಪ್‌ಟಾಪಿನಿಂದ 16 ಬಿಟ್‌ನಲ್ಲಿ ಬಂದರೆ ನೀವು ಅದಕ್ಕೆ ಹೊಸಬರು. ನಿಮ್ಮ ಕಿಟಕಿಗಳು ಎಲ್ಲೂ ಹೋಗಿಲ್ಲ, ಹಳೆಯ ಸೆಷನ್‌ನಲ್ಲೇ ಕೂತಿವೆ. ಹಳೆಯ ಸೆಟ್ಟಿಂಗ್‌ನಲ್ಲೇ ಬನ್ನಿ, ಸಿಗುತ್ತವೆ.

ಕಿಟಕಿಯ ಮೂಲೆಯ ಗುಣಿಸು ಚಿಹ್ನೆ ಒತ್ತಿ ಮುಚ್ಚುವುದು ಬೇರೆ, ಲಾಗೌಟ್ ಬೇರೆ. ಮುಚ್ಚಿದರೆ ಸೆಷನ್ ಸರ್ವರ್‌ನಲ್ಲಿ ಓಡುತ್ತಲೇ ಇರುತ್ತದೆ, ಮೆಮೊರಿಯನ್ನೂ ತಿನ್ನುತ್ತಲೇ ಇರುತ್ತದೆ. ಹತ್ತು ಜನ ಹೀಗೆ ಬಿಟ್ಟುಹೋದರೆ ಹನ್ನೊಂದನೆಯವರಿಗೆ ಜಾಗವಿಲ್ಲ. ಸೆಸ್‌ಮ್ಯಾನ್ ಡಾಟ್ ಐಎನ್‌ಐ ಫೈಲಿನಲ್ಲಿ ಒಟ್ಟು ಸೆಷನ್‌ಗಳ ಮಿತಿಯೂ ಬಿಟ್ಟುಹೋದವನ್ನು ಮುಗಿಸುವ ಆಯ್ಕೆಯೂ ಇವೆ. ಆದರೆ ಯಾರದೋ ಉಳಿಸದ ಕೆಲಸ ಅದರಲ್ಲಿರಬಹುದು, ಮೊದಲು ಹೇಳಿಬಿಟ್ಟು ಮಾಡಿ.

ತುಂಬಾ ನಿಧಾನ. ಮೌಸ್ ಒತ್ತಿದ ಎಷ್ಟೋ ಹೊತ್ತಿಗೆ ಮೆನು ತೆರೆಯುತ್ತದೆ.

ಟಾಪ್ ಮತ್ತು ಫ್ರೀ ಮೈನಸ್ ಎಚ್ ಕೊಟ್ಟು ಸರ್ವರೇ ಏದುಸಿರು ಬಿಡುತ್ತಿದೆಯೆ ನೋಡಿ. ಸ್ವಾಪ್ ತುಂಬಿದ್ದರೆ ನೆಟ್‌ವರ್ಕನ್ನು ಬೈದು ಫಲವಿಲ್ಲ. ಸರ್ವರ್ ಆರಾಮಾಗಿದ್ದರೆ ಎಕ್ಸ್‌ಎಫ್‌ಸಿಇಯ ಕಾಂಪೊಸಿಟರ್ ಆಫ್ ಮಾಡಿ, ಫೋಟೋ ವಾಲ್‌ಪೇಪರ್ ತೆಗೆದು ಒಂದೇ ಬಣ್ಣ ಹಾಕಿ, ಕ್ಲೈಂಟಿನಲ್ಲಿ 16 ಬಿಟ್ ಬಣ್ಣ ಆರಿಸಿ. ನೆರಳು, ಪಾರದರ್ಶಕ ಅಂಚು ಇವೆಲ್ಲ ತಂತಿಯ ಮೇಲೆ ಚಿತ್ರವಾಗಿ ಹರಿಯಬೇಕು. 2024ರಲ್ಲಿ ಬಂದ ಎಕ್ಸ್‌ಆರ್‌ಡಿಪಿ 0.10ರಲ್ಲಿ ಚಿತ್ರ ಕಳಿಸುವ ಹೊಸ ಗ್ರಾಫಿಕ್ಸ್ ವಿಧಾನ ಸೇರಿದೆ. ಡೆಬಿಯನ್ 12ರಲ್ಲಿ ಸಿಗುವುದು ಇನ್ನೂ 0.9ರ ಸರಣಿ, ಅದರಲ್ಲಿ ಆ ಲಾಭವಿಲ್ಲ.

ನಿಮಗೆ ಬೇಕಾಗಿರುವುದು ಒಂದೇ ಒಂದು ಪ್ರೋಗ್ರಾಂ ಆದರೆ ಇಡೀ ಡೆಸ್ಕ್‌ಟಾಪ್ ಯಾಕೆ? ಲಿನಕ್ಸ್‌ನಿಂದ ಲಿನಕ್ಸ್‌ಗೆ ಎಸ್‌ಎಸ್‌ಎಚ್ ಮೈನಸ್ ದೊಡ್ಡ ಎಕ್ಸ್ ಕೊಟ್ಟರೆ ಆ ಒಂದು ಕಿಟಕಿ ಮಾತ್ರ ಬರುತ್ತದೆ. ಒಂದೇ ನೆಟ್‌ವರ್ಕ್‌ನಲ್ಲಿದ್ದಾಗ ಚೆನ್ನಾಗಿ ನಡೆಯುತ್ತದೆ, ದೂರದಿಂದ ಅಷ್ಟು ಹಿತವಲ್ಲ.

ಕಾಪಿ-ಪೇಸ್ಟ್ ನಿಂತುಹೋಗಿದೆ. ಹೋಮ್‌ನಲ್ಲಿ "ಥಿನ್‌ಕ್ಲೈಂಟ್ ಡ್ರೈವ್ಸ್" ಅನ್ನುವ ವಿಚಿತ್ರ ಫೋಲ್ಡರ್ ಬೇರೆ ಇದೆ.

ಎರಡೂ ಒಂದೇ ಪ್ರೋಗ್ರಾಮಿನ ಕೆಲಸ: ಎಕ್ಸ್‌ಆರ್‌ಡಿಪಿ-ಚಾನ್‌ಎಸ್‌ಆರ್‌ವಿ. ಕ್ಲಿಪ್‌ಬೋರ್ಡನ್ನು ಅತ್ತಿತ್ತ ಸಾಗಿಸುವುದು, ನಿಮ್ಮ ಕಂಪ್ಯೂಟರಿನ ಡ್ರೈವನ್ನು ಸರ್ವರ್‌ನಲ್ಲಿ ತೋರಿಸುವುದು ಅದೇ. ಅದು ಸತ್ತಾಗ ಕಾಪಿ-ಪೇಸ್ಟ್ ನಿಲ್ಲುತ್ತದೆ, ಆ ಫೋಲ್ಡರ್ ಅರೆಜೀವವಾಗುತ್ತದೆ. ಎಲ್‌ಎಸ್ ಕೊಟ್ಟರೆ ಪ್ರಶ್ನಾರ್ಥಕ ಚಿಹ್ನೆಗಳು, ಮುಟ್ಟಿದರೆ "ಟ್ರಾನ್ಸ್‌ಪೋರ್ಟ್ ಎಂಡ್‌ಪಾಯಿಂಟ್ ಈಸ್ ನಾಟ್ ಕನೆಕ್ಟೆಡ್". ಫ್ಯೂಸರ್‌ಮೌಂಟ್ ಮೈನಸ್ ಯು ಕೊಟ್ಟು ಫೋಲ್ಡರಿನ ದಾರಿ ಹಾಕಿ ಕಳಚಿ, ಲಾಗೌಟ್ ಆಗಿ ಮತ್ತೆ ಬನ್ನಿ. ಜೀವಂತವಾಗಿರುವಾಗ ಆ ಫೋಲ್ಡರನ್ನು ಆರ್‌ಎಂ ಹಾಕಿ ಅಳಿಸಲು ಹೋಗಬೇಡಿ. ಅದರೊಳಗೆ ಕಾಣುತ್ತಿರುವುದು ನಿಮ್ಮದೇ ಲ್ಯಾಪ್‌ಟಾಪಿನ ಫೈಲುಗಳು.

ವಿಎನ್‌ಸಿಗೆ ಉದ್ದದ ಪಾಸ್‌ವರ್ಡ್ ಹಾಕಿದ್ದೇನೆ, ಸಾಕಲ್ಲವೇ?

ಹಳೆಯ ಮಾಮೂಲಿ ವಿಎನ್‌ಸಿ ದೃಢೀಕರಣ ಮೊದಲ 8 ಅಕ್ಷರಗಳನ್ನು ಮಾತ್ರ ನೋಡುತ್ತದೆ, ಉಳಿದವು ಲೆಕ್ಕಕ್ಕಿಲ್ಲ. ಸುರಂಗವಿಲ್ಲದೆ ವಿಎನ್‌ಸಿ ಬಳಸಬೇಡಿ.

ವೇಲ್ಯಾಂಡ್ ಬಂದ ಮೇಲೆ ಎಕ್ಸ್11ವಿಎನ್‌ಸಿ ಕೆಲಸ ಮಾಡುತ್ತಿಲ್ಲ.

ಮಾಡುವುದೂ ಇಲ್ಲ. ಅದು ಎಕ್ಸ್ ಪರದೆಯನ್ನು ಇಣುಕಿ ನೋಡುವ ಪ್ರೋಗ್ರಾಂ. ಎಕ್ಸ್‌ನ ಜಾಗಕ್ಕೆ ಬಂದ ವೇಲ್ಯಾಂಡ್ ಹಾಗೆ ಯಾರೂ ಇಣುಕದಂತೆ ಕಟ್ಟಿದ್ದು. ಎದುರಿಗಿರುವ ಪರದೆಯನ್ನೇ ಹಂಚಬೇಕಾದರೆ ಡೆಸ್ಕ್‌ಟಾಪ್‌ನದೇ ಸೌಲಭ್ಯ ಬಳಸಿ: ಗ್ನೋಮ್‌ನಲ್ಲಿ ಸೆಟ್ಟಿಂಗ್ಸ್ ಒಳಗಿದೆ, ಕೆಡಿಇಯಲ್ಲಿ ಪ್ಲಾಸ್ಮಾ 6.1ರಿಂದ ಕೆಆರ್‌ಡಿಪಿ ಇದೆ. ಯಾರೂ ಲಾಗಿನ್ ಆಗಿಲ್ಲದ ಸರ್ವರ್‌ಗೆ ದೂರದಿಂದಲೇ ಲಾಗಿನ್ ಆಗುವ ವ್ಯವಸ್ಥೆ ಗ್ನೋಮ್ 46ರಲ್ಲಿ ಬಂತು. ಅದಕ್ಕಿಂತ ಹಳೆಯದರಲ್ಲಿ ಯಾರಾದರೂ ಮೊದಲು ಮಷೀನಿನ ಮುಂದೆ ಲಾಗಿನ್ ಆಗಿರಬೇಕು. ಆಟೋ-ಲಾಗಿನ್ ಇಟ್ಟರೆ ಇನ್ನೊಂದು ತೊಡಕು: ಕೀರಿಂಗ್ (ಪಾಸ್‌ವರ್ಡ್‌ಗಳನ್ನು ಇಡುವ ಪೆಟ್ಟಿಗೆ) ಬೀಗ ತೆರೆದಿರುವುದಿಲ್ಲ, ಆರ್‌ಡಿಪಿ ಪಾಸ್‌ವರ್ಡ್ ಅದರೊಳಗೇ ಸಿಕ್ಕಿಬಿದ್ದಿರುತ್ತದೆ, ಕನೆಕ್ಷನ್ ಬೀಳುತ್ತದೆ.

ಎಕ್ಸ್‌ಆರ್‌ಡಿಪಿ ತನ್ನದೇ ಎಕ್ಸ್ ಸೆಷನ್ ಎಬ್ಬಿಸುವುದರಿಂದ ಕನ್ಸೋಲ್‌ನಲ್ಲಿ ವೇಲ್ಯಾಂಡ್ ಇದ್ದರೂ ಅದಕ್ಕೆ ಅಡ್ಡಿಯಿಲ್ಲ. ಆದರೆ 2025ರಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 10ರಲ್ಲಿ ಆ ಎಕ್ಸ್ ಎಬ್ಬಿಸುವ ಎಕ್ಸ್‌ಆರ್ಗ್ ಸರ್ವರನ್ನೇ ಕೈಬಿಟ್ಟಿದ್ದಾರೆ. ಹೊಸ ಸರ್ವರ್ ಹಾಕುವವರು ಇದನ್ನು ಮೊದಲೇ ಯೋಚಿಸಿಕೊಳ್ಳಿ.

ರಾತ್ರಿ ಸರಿಯಿತ್ತು. ಬೆಳಿಗ್ಗೆ ನೋಡಿದರೆ ಪಿಂಗ್ ಕೂಡ ಇಲ್ಲ.

ಡೆಸ್ಕ್‌ಟಾಪ್ ಇನ್‌ಸ್ಟಾಲ್ ಮಾಡಿದ ಮರುದಿನವೇ ಹೀಗಾದರೆ ಮಷೀನ್ ನಿದ್ದೆಗೆ ಜಾರಿದೆ. ಡೆಸ್ಕ್‌ಟಾಪ್‌ಗಳು ಕರೆಂಟ್ ಉಳಿಸಲು ಸಸ್ಪೆಂಡ್ ಮಾಡುತ್ತವೆ, ಇದು ಸರ್ವರ್ ಅನ್ನುವುದು ಅವಕ್ಕೇನು ಗೊತ್ತು. ಸಿಸ್ಟಮ್‌ಸಿಟಿಎಲ್ ಮಾಸ್ಕ್ ಕೊಟ್ಟು ಸ್ಲೀಪ್, ಸಸ್ಪೆಂಡ್, ಹೈಬರ್ನೇಟ್, ಹೈಬ್ರಿಡ್-ಸ್ಲೀಪ್ ನಾಲ್ಕೂ ಟಾರ್ಗೆಟ್‌ಗಳಿಗೆ ಬೀಗ ಹಾಕಿ.

ಫೈರ್‌ವಾಲ್ ಸರಿಪಡಿಸಲು ಹೋಗಿ ಎಸ್‌ಎಸ್‌ಎಚ್ ಕೂಡ ಹೋಯಿತು. ಈಗ?

ಕ್ಲೌಡ್ ಆದರೆ ಅವರ ವೆಬ್ ಕನ್ಸೋಲ್ ಅಥವಾ ಸೀರಿಯಲ್ ಕನ್ಸೋಲ್ ಮೂಲಕ ಒಳಗೆ ಹೋಗಿ ಫೈರ್‌ವಾಲ್ ನಿಲ್ಲಿಸಿ. ಕೈಗೆ ಸಿಗುವ ಮಷೀನ್ ಆದರೆ ಕೀಬೋರ್ಡ್ ಹಿಡಿದು ಹೋಗಲೇಬೇಕು, ಬೇರೆ ದಾರಿಯಿಲ್ಲ. 22ನೇ ಪೋರ್ಟಿಗೆ ಅನುಮತಿ ಕೊಡುವ ಮೊದಲೇ ಯುಎಫ್‌ಡಬ್ಲ್ಯು ಎನೇಬಲ್ ಒತ್ತಿ ಹೀಗೆ ಹೋದವನು ನಾನು.

ಈಗ ಫೈರ್‌ವಾಲ್ ಮುಟ್ಟುವ ಮೊದಲು ಅಟ್ ಅನ್ನುವ ಕಮಾಂಡನ್ನು ಸುಡೊ ಜೊತೆ ಕರೆದು, ನೌ ಪ್ಲಸ್ 10 ಮಿನಿಟ್ಸ್ ಅಂತ ಹೊತ್ತು ಕೊಟ್ಟು, ಯುಎಫ್‌ಡಬ್ಲ್ಯು ಡಿಸೇಬಲ್ ಅನ್ನುವ ಕೆಲಸ ಒಪ್ಪಿಸಿಡುತ್ತೇನೆ. ಹೊಸ ನಿಯಮ ಹಾಕಿದ ಮೇಲೆ ಇರುವ ಕಿಟಕಿಯನ್ನು ಮುಚ್ಚುವುದಿಲ್ಲ. ಎರಡನೆಯ ಕಿಟಕಿಯಿಂದ ಹೊಸದಾಗಿ ಎಸ್‌ಎಸ್‌ಎಚ್ ಆಗುತ್ತದೆಯೆ ನೋಡುತ್ತೇನೆ. ಆಯಿತೆಂದರೆ ಸುಡೊ ಜೊತೆಯೇ ಅಟ್‌ಕ್ಯೂ ಕೊಟ್ಟು ಆ ಕೆಲಸದ ಸಂಖ್ಯೆ ಹುಡುಕಿ ಅಟ್‌ಆರ್‌ಎಂ ಹಾಕಿ ರದ್ದು ಮಾಡುತ್ತೇನೆ. ಆಗದಿದ್ದರೆ ಹತ್ತು ನಿಮಿಷ ಕೈಕಟ್ಟಿ ಕೂರುತ್ತೇನೆ, ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ.